ನಾಲ್ಕು ಚಕ್ರ ಮತ್ತು ಒಂದು ರಂಗೋಲಿ ಡಬ್ಬಿ

ಕಳೆದ ವಾರ ನಮ್ಮ ಕಾರನ್ನು ವರ್ಷಕ್ಕೊಮ್ಮೆಯ ಎಂಓಟಿ ತಪಾಸಣೆಗೆ ಬಿಟ್ಟಿದ್ದೆ. ಲಂಡನ್ನಿನಲ್ಲಿ, ಕೆಂಟನ್ನಿನ ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಕಾಂತಿಭಾಯಿಯ ಗ್ಯಾರೇಜು. ಗುಜರಾತಿ ಮನುಷ್ಯ, ಹುಟ್ಟಿದ್ದು ನೈರೋಬಿಯಲ್ಲಿ, ಹರೆಯದಿಂದ ಈವರೆಗೆ ಬದುಕಿನ ಅರ್ಧವನ್ನು ಲಂಡನ್ನಿನ ಕಾರುಗಳ ಕೆಳಗೆ ಮಲಗಿಯೇ ಕಳೆದವನು. ಅವನು ಡಿಕ್ಕಿ ತೆಗೆದವನೇ ಒಳಗೆ ಬಗ್ಗಿ ನೋಡಿದ. ಬೇರೆಯವರ ಡಿಕ್ಕಿಯಲ್ಲಿ ಜಾಕು, ಟಾರ್ಚು, ಹಗ್ಗ ಇತ್ಯಾದಿ ಇರುತ್ತವೆ. ನಮ್ಮದರಲ್ಲಿ ಇರುವುದು ಒಂದು ಮರದ ಮಣೆ ಮತ್ತು ಬಿಸ್ಕತ್ತಿನ ಒಂದು ಹಳೆಯ ತಗಡಿನ ಡಬ್ಬಿ. ಡಬ್ಬಿಯ ತುಂಬ ರಂಗೋಲಿ ಪುಡಿ.

"ಕಾರೊಳಗೆ ಪೂಜೆ ಮಾಡ್ತೀಯೇನು?" ಎಂದು ಹಿಂದಿಯಲ್ಲಿ ಕೇಳಿದ.

"ಇಲ್ಲ, ಹಿಮ ಬಿದ್ದಾಗ ಬೇಕಾಗುತ್ತೆ" ಎಂದೆ.

ಕಾಂತಿಭಾಯಿ ಕಾರನ್ನು ನೋಡಿದ, ಡಬ್ಬಿಯನ್ನು ನೋಡಿದ, ನನ್ನನ್ನು ನೋಡಿದ. "ಇಷ್ಟು ದೊಡ್ಡ ಗಾಡಿ, ಇಷ್ಟಗಲ ಟೈರು, ನಾಲ್ಕೂ ಚಕ್ರ ಎಳೆಯುತ್ತೆ. ಇದಕ್ಕೆ ಡಬ್ಬಿ ಯಾಕೆ?"

ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಇಂಥದ್ದಕ್ಕೆಲ್ಲ ನಿಂತ ಕಾಲಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಅವನು ಚಹಾ ಮಾಡಿಕೊಟ್ಟ, ನಾನು ಹೇಳಿದೆ. ನೀವೂ ಕಾಫಿ ಲೋಟ ಹಿಡಿದು ಕೂರುವುದಾದರೆ ನಿಮಗೂ ಹೇಳುತ್ತೇನೆ. ನಗಬೇಕೆನಿಸಿದರೆ ನಗಿ, ಮನೆಯವರೆಲ್ಲ ನಕ್ಕು ಮುಗಿಸಿ ಬಹಳ ದಿನವಾಗಿದೆ.

ದೊಡ್ಡ ಟೈರಿನ ಹುಚ್ಚು ನನಗೆ ಲಂಡನ್ನಿನಲ್ಲಿ ಹಿಡಿದದ್ದಲ್ಲ. ಅದು ಮೈಸೂರಿನ ನಮ್ಮ ಬೀದಿಯಿಂದಲೇ ಜೊತೆಗೆ ಬಂದದ್ದು. ಆ ಕಾಲದಲ್ಲಿ ಹುಡುಗರಿಗೆಲ್ಲ ಒಂದೊಂದು ಟೈರು ಇರುತ್ತಿತ್ತು, ಅದನ್ನು ಕೋಲಿನಿಂದ ಹೊಡೆದುಕೊಂಡು ಓಡುವುದೇ ನಮ್ಮ ಸಂಚಾರ. ನನ್ನದು ಸೈಕಲ್ ಶಾಪಿನವರು ಬಿಸಾಕಿದ ಸವೆದ ಟೈರು. ಎರಡು ಕಡೆ ಹರಿದು, ಓಡುವಾಗ ಕುಂಟುತ್ತಿತ್ತು. ಬೀದಿಯ ಕೊನೆಮನೆಯ ನಾಗರಾಜನ ಹತ್ತಿರ ಮಾತ್ರ ಲಾರಿ ಟೈರು. ಅದನ್ನು ಕೋಲಿನಿಂದ ಹೊಡೆಯುವುದಲ್ಲ, ಒಳಗೆ ಮುದುರಿ ಕೂತು ಇಬ್ಬರಿಂದ ತಳ್ಳಿಸಿಕೊಳ್ಳುವುದು. ನಾಗರಾಜ ಹಾಗೆ ಉರುಳುತ್ತಾ ಬಂದರೆ ನಾವೆಲ್ಲ ಗೋಡೆಗೆ ಒತ್ತಿ ನಿಂತು ದಾರಿ ಬಿಡುತ್ತಿದ್ದೆವು. ಗಣಿತದಲ್ಲಿ ಸೊನ್ನೆ ಬಂದರೂ ಬೀದಿಯಲ್ಲಿ ಅವನೇ ದೊರೆ.

ನನ್ನ ಸರದಿ ಬಂದದ್ದು ಒಂದೇ ಸಲ. ಒಳಗೆ ಕೂತೆ, ತಳ್ಳಿದರು. ಆಕಾಶ, ನೆಲ, ಆಕಾಶ, ನೆಲ, ಆಮೇಲೆ ಚರಂಡಿ. ಅಮ್ಮ ನನ್ನನ್ನು ಹಿತ್ತಲಿನಲ್ಲಿ ನಿಲ್ಲಿಸಿ ನಾಲ್ಕು ಬಿಂದಿಗೆ ನೀರು ಸುರಿದಳು. ದೊಡ್ಡ ಟೈರು ತನಗೆ ಬೇಕಾದ ಕಡೆ ಹೋಗುತ್ತದೆ, ನಮಗೆ ಬೇಕಾದ ಕಡೆಗಲ್ಲ ಎಂದು ಆವತ್ತೇ ತಿಳಿಯಬೇಕಿತ್ತು. ನನಗೆ ತಿಳಿದದ್ದು ಬೇರೆ: ದೊಡ್ಡವನಾದ ಮೇಲೆ ನನ್ನದೇ ಒಂದು ದೊಡ್ಡ ಟೈರು ಇಟ್ಟುಕೊಳ್ಳಬೇಕು ಎಂದು.

ಅದಕ್ಕೆ ನೆಪ ಸಿಕ್ಕಿದ್ದು ಈ ದೇಶದ ಹಿಮದಿಂದ. ಲಂಡನ್ನಿನ ಹಿಮವನ್ನು ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಕೆಲವು ವರ್ಷ ಬೀಳುವುದೇ ಇಲ್ಲ. ಬಿದ್ದರೂ ತಿಂಡಿಯ ಹೊತ್ತಿಗೆ ಬಿದ್ದು ಊಟದ ಹೊತ್ತಿಗೆ ಕೊಚ್ಚೆಯಾಗಿರುತ್ತದೆ. ಆದರೆ ಅದರ ಬಗ್ಗೆ ನಡೆಯುವ ಮಾತು ಮಾತ್ರ ನವೆಂಬರಿನಿಂದ ಮಾರ್ಚಿನವರೆಗೆ ಕರಗುವುದಿಲ್ಲ. ಅಕ್ಸ್‌ಬ್ರಿಡ್ಜಿನಲ್ಲಿ ನಮ್ಮ ಕನ್ನಡದವರು ಹಬ್ಬಕ್ಕೆ ಸೇರುವ ಹಾಲ್‌ನಲ್ಲಿ ಹೆಂಗಸರು ಮಕ್ಕಳ ಕುಣಿತ ನೋಡುತ್ತಿದ್ದರೆ, ಗಂಡಸರು ಕಾಫಿ ಫ್ಲಾಸ್ಕಿನ ಸುತ್ತ ನಿಂತು ಚಕ್ರಗಳ ವಿಚಾರ ಮಾತಾಡುತ್ತೇವೆ. "ಟೂ ವೀಲ್ ಡ್ರೈವಲ್ಲಿ ವಿಂಟರ್ ಓಡ್ಸೋದು ಅಂದ್ರೆ ಜೀವದ ಜೊತೆ ಆಟ ಗುರು" ಎಂದು ಬೆಂಗಳೂರಿನ ಒಬ್ಬರು ಹೇಳಿದರೆ ಉಳಿದವರು ತಲೆಯಾಡಿಸುವುದು. ಹಿಮದಲ್ಲಿ ಅರ್ಧ ಮೈಲಿ ಓಡಿಸಿದ ಅನುಭವ ನಮ್ಮಲ್ಲಿ ಒಬ್ಬರಿಗೂ ಇರಲಿಲ್ಲ. ಹಾಗಾಗಿ ಅಭಿಪ್ರಾಯಭೇದವೂ ಇರಲಿಲ್ಲ.

ನಾನು ಹೋಗಿ ನಾಲ್ಕೂ ಚಕ್ರ ಎಳೆಯುವ ಈ ಕಾರು ಬುಕ್ ಮಾಡಿ ಬಂದೆ. ನನ್ನ ಹೆಂಡತಿ ಸುಮಾ ಷೋರೂಮಿನಲ್ಲಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು, ಅದಕ್ಕೇ ಅವಳಿಗೆ ಸುಸ್ತಾಯಿತು.

"ಇರೋದು ಮೂರು ಜನ. ಆಫೀಸಿಗೆ ಟ್ಯೂಬ್ ರೈಲಲ್ಲಿ ಹೋಗ್ತೀವಿ. ಇದ್ಯಾಕ್ರೀ ನಮಗೆ?"

"ಹಿಮ ಬಿದ್ರೆ?"

"ಡ್ಯಾಡ್, ಇಟ್ ನೆವರ್ ಸ್ನೋಸ್ ಹಿಯರ್" ಎಂದಳು ನಮ್ಮ ಮಗಳು ಇಂಚರ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಅದರಲ್ಲೂ ನನ್ನನ್ನು ಬೈಯುವ ಕನ್ನಡ.

ಆ ವರ್ಷದ ಆಯುಧ ಪೂಜೆಯ ದಿನ ಕಾರನ್ನು ಮನೆಯ ಮುಂದೆ ನಿಲ್ಲಿಸಿ, ಅರಿಸಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟೆವು. ಹಿಂದಿನ ಪುಟ್ಟ ಕಾರು ನಿಂಬೆಹಣ್ಣಿನ ಮೇಲೆ ಹತ್ತಿದಾಗ ಪಟ್ ಎಂದು ಸದ್ದಾಗಿ ರಸ ಹಾರುತ್ತಿತ್ತು, ಪೂಜೆ ಸಂದಿತು ಎಂದು ಗೊತ್ತಾಗುತ್ತಿತ್ತು. ಈ ಟೈರುಗಳ ಅಡಿಯಲ್ಲಿ ಹಣ್ಣುಗಳು ಸದ್ದಿಲ್ಲದೆ ಮಾಯವಾದವು. ನನಗೆ ಎದೆಯುಬ್ಬಿತು. ನಾಗರಾಜ ಎಲ್ಲಿದ್ದಾನೋ, ನೋಡಬೇಕಿತ್ತು ಎನಿಸಿತು.

ಅದಾದ ಮೇಲೆ ಮೂರು ಚಳಿಗಾಲ ಕಳೆದವು. ಒಂದು ಹರಳು ಹಿಮವೂ ಬೀಳಲಿಲ್ಲ. ಪ್ರತಿ ಬೆಳಿಗ್ಗೆ ಪರದೆ ಸರಿಸಿ ನೋಡುವುದು, ಬೂದು ಬಣ್ಣದ ಮಳೆ ಕಂಡು ನಿಟ್ಟುಸಿರು ಬಿಡುವುದು ನನ್ನ ಅಭ್ಯಾಸವಾಯಿತು.

ಈಗ ನಮ್ಮತ್ತೆಯನ್ನು ಪರಿಚಯಿಸಬೇಕು. ಸುಮಾಳ ತಾಯಿ ಜಯಲಕ್ಷ್ಮಮ್ಮ, ಮೈಸೂರಿನವರು, ಎಪ್ಪತ್ತು ದಾಟಿದವರು. ವರ್ಷಕ್ಕೊಮ್ಮೆ ಮಗಳ ಮನೆಗೆ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ಮಾವನವರಿಗೆ ಚಳಿ ಆಗದು, ಅವರು ಬರುವುದಿಲ್ಲ. ಅತ್ತೆ ನನ್ನನ್ನು ಈವತ್ತಿಗೂ ಬಹುವಚನದಲ್ಲೇ ಮಾತಾಡಿಸುತ್ತಾರೆ, ಬೈಯುವಾಗಲೂ. ನಮ್ಮ ಕಾರು ಎತ್ತರ, ಸೀರೆಯುಟ್ಟು ಹತ್ತುವುದಕ್ಕಾಗುವುದಿಲ್ಲ. "ಇದು ಕಾರೋ ಅಂಬಾರಿನೋ?" ಎಂದು ಕೇಳಿ, ದೇವರ ಮನೆಯ ಮಣೆಯನ್ನು ತಂದು ಬಾಗಿಲ ಕೆಳಗಿಟ್ಟು, ಅದರ ಮೇಲೆ ಕಾಲಿಟ್ಟು ಹತ್ತಿದರು. ಮಣೆ ಡಿಕ್ಕಿಗೆ ಸೇರಿದ್ದು ಹೀಗೆ.

ಅತ್ತೆಯ ಪೆಟ್ಟಿಗೆಯಲ್ಲಿ ಬೇರೇನೂ ಇಲ್ಲದಿದ್ದರೂ ರಂಗೋಲಿ ಪುಡಿ ಇರಲೇಬೇಕು. ಇಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ. "ಇಲ್ಲಿಂದು ಮೈದಾ ಹಿಟ್ಟಿದ್ದ ಹಾಗಿರತ್ತೆ. ಎಳೆ ನಿಲ್ಲಲ್ಲ. ನಮ್ಮ ಕಲ್ಲಿನ ಪುಡಿ ನೋಡಿ, ಬೆರಳಿಗೆ ತರಿತರಿಯಾಗಿ ಸಿಗತ್ತೆ, ಹಾಕಿದ ಕಡೆ ಕಚ್ಕೊಂಡು ಕೂತಿರತ್ತೆ" ಎನ್ನುತ್ತಾರೆ. ಒಂದು ಸಲ ಹೀಥ್ರೂ ವಿಮಾನನಿಲ್ದಾಣದಲ್ಲಿ ಅವರ ಪೆಟ್ಟಿಗೆ ತೆರೆಸಿದರು. ಐದು ಕಿಲೋ ಬಿಳಿಯ ಪುಡಿ. ಯಾರಾದರೂ ಕೇಳುವ ಪ್ರಶ್ನೆಯನ್ನೇ ಅಧಿಕಾರಿಯೂ ಕೇಳಿದ. ಅತ್ತೆಯ ಇಂಗ್ಲಿಷು ಅಷ್ಟಕ್ಕಷ್ಟೇ, ಅವರು ಮಾತಾಡಲು ಹೋಗಲಿಲ್ಲ. ಒಂದು ಚಿಟಿಕೆ ತೆಗೆದು ಅವನ ಸ್ಟೀಲಿನ ಮೇಜಿನ ಮೇಲೆ ಎಂಟೆಸಳಿನ ಕಮಲ ಬಿಡಿಸಿ, "ಹೌಸ್ ಫ್ರಂಟ್. ಡೈಲಿ" ಎಂದರಂತೆ. ಅವನು ಅದನ್ನು ಸ್ವಲ್ಪ ಹೊತ್ತು ನೋಡಿ, ಅಳಿಸಲು ಮನಸ್ಸು ಬಾರದೆ, ಮುಂದಿನ ಪ್ರಯಾಣಿಕರನ್ನು ಪಕ್ಕದ ಮೇಜಿಗೆ ಕಳಿಸಿದನಂತೆ. ಕಥೆ ಅತ್ತೆಯದೇ, ಉಪ್ಪು ಖಾರ ಎಷ್ಟೆಂದು ನಾನು ವಿಚಾರಿಸಲು ಹೋಗಿಲ್ಲ.

ಎರಡು ವರ್ಷದ ಹಿಂದೆ ಅತ್ತೆ ದೀಪಾವಳಿಗೆ ಬಂದರು. ಅಕ್ಸ್‌ಬ್ರಿಡ್ಜಿನ ಹಬ್ಬದೂಟದಲ್ಲಿ ಬಡಿಸುತ್ತಿದ್ದಾಗ ಒಬ್ಬ ಹುಡುಗಿ ಕೋಸಂಬರಿಯನ್ನು ಮೂರನೆಯ ಸಲ ಹಾಕಿಸಿಕೊಂಡಳು. ಅತ್ತೆ ಅವಳ ಮುಖ ನೋಡಿದರು, ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. "ಎಷ್ಟು ತಿಂಗಳಮ್ಮಾ?" ಹುಡುಗಿ ನಕ್ಕು "ನಾಕು ನಡದೈತ್ರಿ ಆಂಟಿ" ಎಂದಳು. ಹೆಸರು ಪಲ್ಲವಿ, ಧಾರವಾಡದವಳು, ಆಸ್ಪತ್ರೆಯಲ್ಲಿ ಡಾಕ್ಟರು. ಗಂಡನ ಜೊತೆ, ಲಂಡನ್ನಿನ ಇನ್ನೊಂದು ತುದಿಯ ಕ್ರೋಯ್ಡನ್ನಿನಲ್ಲಿ ಫ್ಲಾಟ್ ಮಾಡಿಕೊಂಡಿದ್ದಳು. ಏಳನೆಯ ತಿಂಗಳಲ್ಲಿ ಕುಬಸ ಮಾಡಬೇಕೆಂದು ಅವಳ ತಾಯಿಗೆ ಆಸೆ. ನಮ್ಮ ಮೈಸೂರಿನ ಕಡೆ ಸೀಮಂತ ಎನ್ನುವುದನ್ನೇ ಅವರು ಕುಬಸ ಎನ್ನುತ್ತಾರೆ. ಆದರೆ ತಾಯಿಗೆ ವೀಸಾ ಸಿಕ್ಕಿರಲಿಲ್ಲ, ಸಿಗುವ ಲಕ್ಷಣವೂ ಇರಲಿಲ್ಲ. ಗಂಡನಿಗೆ ತಾಯಿ ಇಲ್ಲ. "ಬಿಡ್ರಿ, ಇಲ್ಲೆ ಯಾರು ಅದಾರ್ರಿ ಮಾಡಾಕ. ಫೋನಿನಾಗ ಆಶೀರ್ವಾದ ಮಾಡ್ತಾಳ ನಮ್ಮವ್ವ" ಎಂದು ಪಲ್ಲವಿ ಎಲೆಯನ್ನೇ ನೋಡುತ್ತ ಹೇಳಿದಳು.

"ಯಾರೂ ಇಲ್ಲ ಅಂದ್ರೆ? ನಾನು ಫೆಬ್ರವರಿವರೆಗೂ ಇರ್ತೀನಿ" ಎಂದರು ಅತ್ತೆ. ಆಗ ಅವರ ಟಿಕೆಟ್ಟು ಡಿಸೆಂಬರಿಗಿತ್ತು. ಮನೆಗೆ ಬಂದು ನನ್ನ ಕೈಯಿಂದ ಬದಲಾಯಿಸಿಕೊಂಡರು.

ಅತ್ತೆ ಧಾರವಾಡದ ತಾಯಿಗೆ ಫೋನು ಮಾಡಿದರು. ಅಲ್ಲಿಂದ ಹಸಿರು ಸೀರೆ ಕೊರಿಯರಿನಲ್ಲಿ ಪಲ್ಲವಿಯ ಮನೆಗೆ ಬಂತು. ಹಸಿರು ಗಾಜಿನ ಬಳೆ ಮಾತ್ರ ಒಡೆದುಹೋಗುತ್ತದೆಂದು, ಮೈಸೂರಿನಿಂದ ಬರುತ್ತಿದ್ದ ಪರಿಚಯದವರ ಕೈಚೀಲದಲ್ಲಿ ಅತ್ತೆಯೇ ತರಿಸಿದರು. ದಿನ ಗೊತ್ತಾಯಿತು: ಸಂಕ್ರಾಂತಿ ಕಳೆದ ಮೇಲಿನ ಶನಿವಾರ. ಶನಿವಾರ ಶುಭಕಾರ್ಯವೇ ಎಂದು ಕೇಳಬೇಡಿ. ಲಂಡನ್ನಿನಲ್ಲಿ ಎಲ್ಲರಿಗೂ ರಜ ಇರುವ ದಿನವೇ ಶುಭದಿನ. ಆದರೂ ರಾಹುಕಾಲ ಒಂಬತ್ತಕ್ಕೆ ಶುರು, ಅದಕ್ಕೆ ಮೊದಲು ಮನೆ ಬಿಡಬೇಕು, ಮಧ್ಯಾಹ್ನ ಹನ್ನೆರಡರೊಳಗೆ ಹುಡುಗಿಯ ಕೈಗೆ ಬಳೆ ಏರಬೇಕು ಎಂದು ಅತ್ತೆ ಅಪ್ಪಣೆ ಮಾಡಿದ್ದರು. ಅಡುಗೆಗೆಂದು ಸುಮಾ ಇಂಚರಳನ್ನು ಕರೆದುಕೊಂಡು ಶುಕ್ರವಾರವೇ ರೈಲಿನಲ್ಲಿ ಕ್ರೋಯ್ಡನ್ನಿಗೆ ಹೋದಳು. ಅತ್ತೆಯನ್ನೂ ಬಳೆಯನ್ನೂ ಬೆಳಿಗ್ಗೆ ತಲುಪಿಸುವುದು ನನ್ನ ಕೆಲಸ.

ಆ ಬೆಳಿಗ್ಗೆ ಎಂದಿನಂತೆ ಪರದೆ ಸರಿಸಿದೆ. ಹೊರಗೆಲ್ಲ ಬೆಳ್ಳಗೆ! ಬೇಲಿಯ ಮೇಲೆ, ಕಸದ ಡಬ್ಬಿಗಳ ಮೇಲೆ, ನನ್ನ ಕಾರಿನ ಮೇಲೆ ಒಂದು ಗೇಣು ಹಿಮ. ಬೇರೆ ಯಾರಾದರೂ ಆಗಿದ್ದರೆ ಗಾಬರಿ ಬೀಳುತ್ತಿದ್ದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಹಾಡು ಬಂತು.

"ರೈಲಿಗೇ ಹೋಗೋಣ್ವಾ?" ಎಂದರು ಅತ್ತೆ, ಕಿಟಕಿಯಿಂದ ನೋಡಿ.

"ಅತ್ತೆ, ಈ ದಿನಕ್ಕೋಸ್ಕರವೇ ಅಲ್ವಾ ಈ ಕಾರು ತಗೊಂಡಿದ್ದು!"

ಅತ್ತೆ ಮೈಸೂರು ರೇಷ್ಮೆ ಸೀರೆ, ಅದರ ಮೇಲೆ ಸುಮಾಳ ಕೋಟು, ಕಾಲಿಗೆ ಇಂಚರಳ ಹಳದಿ ಗಂಬೂಟು ಹಾಕಿಕೊಂಡು ಮಣೆಯ ಮೂಲಕ ಅಂಬಾರಿ ಏರಿದರು. ತೊಡೆಯ ಮೇಲೆ ಹತ್ತಿಯಲ್ಲಿ ಸುತ್ತಿದ ಬಳೆಯ ಪೆಟ್ಟಿಗೆ, ಕಾಲ ಬಳಿ ಕುಬಸದ ಮನೆಯ ಮುಂದೆ ಹಾಕಲು ರಂಗೋಲಿ ಡಬ್ಬಿ. ಎಂಟೂವರೆಗೆ ಹೊರಟೆವು.

ದೊಡ್ಡ ರಸ್ತೆಗೆ ಬಂದರೆ ಹಿಮವೇ ಇಲ್ಲ. ರಾತ್ರಿಯೇ ಕೌನ್ಸಿಲ್ ಲಾರಿಗಳು ಬಂದು, ಹಿಮ ಕರಗಲೆಂದು ಉಪ್ಪು ಎರಚಿ ಹೋಗಿದ್ದವು, ರಸ್ತೆ ಕಪ್ಪಗೆ ಒದ್ದೆಯಾಗಿತ್ತು. ಎಲ್ಲರೂ ಹೆದರಿ ಮೆಲ್ಲಗೆ ಹೋಗುತ್ತಿದ್ದುದರಿಂದ ಸಾಲು ಉದ್ದವಾಗಿತ್ತು. ನಾನು ಮಾತ್ರ ಸ್ಟೀರಿಂಗನ್ನು ತಟ್ಟುತ್ತಾ, "ನೋಡಿ ಅತ್ತೆ, ಹೇಗೆ ಹಿಡ್ಕೊಂಡು ಹೋಗ್ತಿದೆ!" ಎಂದೆ.

ಅತ್ತೆ ಕಿಟಕಿಯಾಚೆ ನೋಡಿದರು. "ಆ ಕೆಂಪು ಬಸ್ಸೂ ಹೋಗ್ತಾ ಇದೆಯಲ್ಲ. ಅದಕ್ಕೂ ನಾಲ್ಕು ಚಕ್ರ ಎಳೆಯೋದು ಹಾಕಿದಾರಾ?"

ಮುಂದೆ ಪುಟ್ಟ ವ್ಯಾನಿನಲ್ಲಿ ಯಾರೋ ಹಾಲು ಬ್ರೆಡ್ಡು ಸಾಗಿಸುತ್ತಿದ್ದರು, ಅವರೂ ಆರಾಮಾಗೇ ಹೋಗುತ್ತಿದ್ದರು.

ಕ್ರೋಯ್ಡನ್ನಿನ ಟ್ರ್ಯಾಮ್ ಹಳಿ ದಾಟುವಾಗ ಹನ್ನೊಂದು ಹೊಡೆದಿತ್ತು. ಸುಮಾ ಫೋನು ಮಾಡಿದಳು, ಸ್ಪೀಕರಿನಲ್ಲಿ ಹಾಕಿದೆ. "ಎಲ್ಲಿದೀರ್ರೀ? ಇಲ್ಲಿ ಏರು ಪೂರ್ತಿ ಹಿಮ ಗಟ್ಟಿಯಾಗಿದೆ. ಟ್ಯಾಕ್ಸಿನೋರೂ ಹತ್ತಲ್ಲ ಅಂದ್ರಂತೆ, ಹೆಚ್ಚಿನವರು ಬಂದೇ ಇಲ್ಲ. ಕೆಳಗೇ ನಿಲ್ಸಿ ಹುಷಾರಾಗಿ ನಡ್ಕೊಂಡು ಬನ್ನಿ. ಪಲ್ಲವಿ ಬೆಳಿಗ್ಗೆಯಿಂದ ಕಿಟಕಿ ಬಿಟ್ಟು ಕದಲಿಲ್ಲ. ಧಾರವಾಡದಲ್ಲಿ ಅವಳಮ್ಮ ಫೋನ್ ಮುಂದೇನೇ ಕೂತಿದಾರೆ."

"ನಮ್ಮ ಕಾರಿಗೆ ಅದ್ಯಾವ ಲೆಕ್ಕ! ಬಾಗಿಲಿಗೇ ತಂದು ಇಳಿಸ್ತೀನಿ" ಎಂದೆ.

ಪಲ್ಲವಿಯ ಫ್ಲಾಟು ಏರಿನ ತುದಿಯಲ್ಲಿತ್ತು. ಸಣ್ಣ ಬೀದಿ, ಕೌನ್ಸಿಲ್ಲಿನ ಉಪ್ಪು ಅಲ್ಲಿಗೆ ಬಂದಿರಲಿಲ್ಲ. ಮಕ್ಕಳು ಜಾರಾಡಿ ಜಾರಾಡಿ ಹಿಮವನ್ನು ಗಾಜು ಮಾಡಿ ಹೋಗಿದ್ದರು. ನಾನು ಹಿಮದ ಹಾದಿಗೆಂದೇ ಇದ್ದ ಒಂದು ಬಟನ್ ಒತ್ತಿದೆ, ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಪರ್ವತದ ಚಿತ್ರ ಬಂತು. ಕಾರು ಗತ್ತಿನಿಂದ ಹೊರಟಿತು. ಕಾಲು ಭಾಗ, ಅರ್ಧ ಭಾಗ ಏರಿತು. ಏರಿನ ನಡುವೆ ನಿಂತಿತು. ಆಕ್ಸಿಲರೇಟರ್ ಒತ್ತಿದೆ. ನಾಲ್ಕೂ ಚಕ್ರ ತಿರುಗಿದವು, ಕಾರು ಹೋಗಲಿಲ್ಲ. ಒಂದು ಚಕ್ರವೂ ಸೋಮಾರಿತನ ಮಾಡಲಿಲ್ಲ ಎನ್ನುವುದೇ ಸಮಾಧಾನ.

ಆಮೇಲೆ ನಾವು ಹಿಂದಕ್ಕೆ ಹೋಗತೊಡಗಿದೆವು. ಬ್ರೇಕನ್ನು ಬುಡದವರೆಗೆ ಒತ್ತಿ ಹಿಡಿದಿದ್ದೇನೆ, ಚಕ್ರಗಳೂ ನಿಂತಿವೆ, ಕಾರು ಮಾತ್ರ ತೇರಿನ ಗಾಂಭೀರ್ಯದಲ್ಲಿ ಕೆಳಗೆ ಜಾರುತ್ತಿದೆ.

"ರಿವರ್ಸ್ ತಗೋತಿದೀರಾ?" ಎಂದರು ಅತ್ತೆ.

ಕಾರು ಓರೆಯಾಗಿ ಜಾರಿ ಫುಟ್‌ಪಾತಿನ ಅಂಚಿಗೆ ಹಿಂದಿನ ಚಕ್ರ ಆನಿಸಿ, ಯಾರದೋ ಬೇಲಿಗೆ ಬೆನ್ನು ತಾಗಿಸಿ ನಿಂತಿತು. ಬೇಲಿಯ ಹಿಮವೆಲ್ಲ ನಮ್ಮ ಮೇಲೆ ಸುರಿಯಿತು. ಯಾರಿಗೂ ಏನೂ ಆಗಲಿಲ್ಲ. ಬಳೆಯ ಪೆಟ್ಟಿಗೆಯನ್ನು ಅತ್ತೆ ಎದೆಗೆ ಅವುಚಿಕೊಂಡಿದ್ದರು.

ಆಗಲೇ ಕೆಳಗಿನಿಂದ ಒಂದು ಕಾರು ಬಂತು. ಕಾರು ಎಂದರೆ, ನಮ್ಮ ಡಿಕ್ಕಿಯೊಳಗೆ ಹಿಡಿಸಬಹುದಾದ ಒಂದು ಹಳೆಯ ನೀಲಿ ಡಬ್ಬ. ಟೈರು ನನ್ನ ಅಂಗೈಗಿಂತ ಸ್ವಲ್ಪ ಅಗಲ. ಓಡಿಸುತ್ತಿದ್ದವರು ಎಂಬತ್ತರ ಆಸುಪಾಸಿನ ಬಿಳಿಕೂದಲಿನ ಅಜ್ಜಿ. ನಮ್ಮನ್ನು ನೋಡಿ ಕಿಟಕಿ ಇಳಿಸಿ, "ನಿಲ್ಲಿಸೋಕಾಗಲ್ಲ ಡಿಯರ್, ನಿಂತರೆ ಮತ್ತೆ ಹೊರಡಲ್ಲ!" ಎಂದು ಇಂಗ್ಲಿಷಿನಲ್ಲಿ ಕೂಗಿ, ಕೈಬೀಸಿ, ಒಂದೇ ವೇಗದಲ್ಲಿ ಗುರ್ರೆನ್ನುತ್ತ ಏರನ್ನು ಹತ್ತಿ ತುದಿಯಲ್ಲಿ ತಮ್ಮ ಮನೆಯ ಮುಂದೆ ನಿಲ್ಲಿಸಿದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಹನ್ನೊಂದೂವರೆ. ಮೇಲೆ ಎರಡನೆಯ ಮಹಡಿಯ ಕಿಟಕಿಯಲ್ಲಿ ಹಸಿರು ಸೀರೆ ಕಾಣುತ್ತಿತ್ತು. ನನಗೆ ಅಳು ಬರುವಂತಾಯಿತು. ರೈಲಿಗೆ ಹೋಗೋಣ ಎಂದಿದ್ದ ಹಿರಿಯರನ್ನು ನನ್ನ ಟೈರಿನ ಜಂಬಕ್ಕೆ ಇಲ್ಲಿಯವರೆಗೆ ತಂದು ಬೇಲಿಗೆ ಒರಗಿಸಿದ್ದೆ. ಆ ಗಾಜಿನಂಥ ಹಾದಿಯಲ್ಲಿ ಅವರನ್ನು ನಡೆಸುವುದು ಹೇಗೆ? ಬಿದ್ದರೆ ಸುಮಾಗೆ ಏನು ಹೇಳಲಿ? ಆ ಹುಡುಗಿಗೆ ಏನು ಹೇಳಲಿ?

"ಅತ್ತೆ, ತಪ್ಪಾಯ್ತು" ಎಂದೆ.

"ತಪ್ಪು ಆಮೇಲೆ ಮಾತಾಡೋಣ. ಮಣೆ ಇಡಿ" ಎಂದರು.

ಮಣೆ ಇಟ್ಟೆ, ಇಳಿದರು. ಗಂಬೂಟಿನ ತುದಿಯಿಂದ ನೆಲವನ್ನು ಒಮ್ಮೆ ಒತ್ತಿ ನೋಡಿದರು, ಜಾರಿತು. ರಂಗೋಲಿ ಡಬ್ಬಿಯ ಮುಚ್ಚಳ ತೆಗೆದರು. ನನಗೆ ತಟ್ಟನೆ ಹೊಳೆಯಿತು. "ಮುಷ್ಟಿ ತುಂಬ ತೆಗೆದು ಎರಚಿಬಿಡಿ ಅತ್ತೆ" ಎಂದೆ.

"ಎರಚೋದಾ? ನನ್ನ ಕೈಗೆ ಹಾಗೆಲ್ಲ ಬರಲ್ಲ. ಅಲ್ಲದೆ ಎರಚಿದರೆ ತುದಿ ತಂಕ ಸಾಲಲ್ಲ."

ಫುಟ್‌ಪಾತಿಗೆ ಅಡ್ಡಲಾಗಿ, ಹೆಬ್ಬೆರಳು ತೋರುಬೆರಳಿನ ನಡುವೆ, ದಪ್ಪನಾದ ಒಂದು ಎಳೆ ಎಳೆದರು. ಗೇಣಗಲ ಬಿಟ್ಟು ಇನ್ನೊಂದು. ಮೊದಲನೆಯದರ ಮೇಲೆ ಕಾಲಿಟ್ಟರು. ಕಲ್ಲಿನ ಪುಡಿ ಕರ್ ಎಂದಿತು, ಬೂಟು ಕಚ್ಚಿಕೊಂಡಿತು. ಎರಡನೆಯ ಕಾಲು ಎರಡನೆಯ ಎಳೆಯ ಮೇಲೆ. ಮೂರನೆಯದು ಎಳೆದರು. ಬಿಳಿಯ ಹಿಮದ ಮೇಲೆ ಬಿಳಿಯ ಮೆಟ್ಟಿಲು. ಐವತ್ತು ವರ್ಷ ದಿನ ಬೆಳಗಾದರೆ ಬಗ್ಗಿ ಗೆರೆ ಎಳೆದ ಸೊಂಟ ಅದು, ಏರಿನಲ್ಲಿ ಬಗ್ಗುವುದು ಅವರಿಗೆ ಕಷ್ಟವೇ ಆಗಲಿಲ್ಲ.

ನಾನು ಬಳೆಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ನಡೆದೆ. ಹತ್ತು ಮೆಟ್ಟಿಲು ಸರಿಯಾಗಿ ಹೋದೆ. ಹನ್ನೊಂದನೆಯದಕ್ಕೆ, ಕಿಟಕಿಯ ಕಡೆ ನೋಡಿಕೊಂಡು, ಗೆರೆ ಬಿಟ್ಟು ಕಾಲಿಟ್ಟೆ. ಆಕಾಶ, ನೆಲ, ಆಕಾಶ. ಕೂತ ಭಂಗಿಯಲ್ಲಿ ಎರಡು ಮಾರು ಕೆಳಗೆ ಹೋದೆ, ಪೆಟ್ಟಿಗೆಯನ್ನು ಮಾತ್ರ ತಲೆಯ ಮೇಲೆತ್ತಿ ಹಿಡಿದಿದ್ದೆ. ಮೇಲಿನಿಂದ ಆ ಇಂಗ್ಲಿಷ್ ಅಜ್ಜಿ ಚಪ್ಪಾಳೆ ತಟ್ಟಿದರು.

"ಬಳೆ?" ಎಂದರು ಅತ್ತೆ.

"ಇದೆ ಅತ್ತೆ."

"ಹಾಗಾದ್ರೆ ಏಳಿ. ನನ್ನ ತೋಳು ಹಿಡ್ಕೊಳ್ಳಿ."

ಎಪ್ಪತ್ತು ದಾಟಿದ ಅತ್ತೆಯ ತೋಳು ಹಿಡಿದು, ಗೆರೆಯ ಮೇಲೆ ಗೆರೆ ಮೆಟ್ಟುತ್ತಾ, ಐವತ್ತರ ಅಳಿಯ ಏರು ಹತ್ತಿದ. ಅವರ ಕಾಲೆರಡು, ನನ್ನ ಕಾಲೆರಡು. ನಾಲ್ಕೂ ಎಳೆಯುವುದೆಂದರೆ ಏನೆಂದು ನನಗೆ ಅರ್ಥವಾದದ್ದು ಆವಾಗ.

ತುದಿ ಮುಟ್ಟಿದಾಗ ಅಜ್ಜಿ ಕುತೂಹಲದಿಂದ ಡಬ್ಬಿಯೊಳಗೆ ಇಣುಕಿದರು. ಹೆಸರು ಡೋರೀನ್ ಅಂತೆ. ಏನಿದು ಎಂದು ಕೇಳಿದ್ದಕ್ಕೆ ಅತ್ತೆ "ಹೌಸ್ ಫ್ರಂಟ್. ಟುಡೇ ರೋಡ್ ಫ್ರಂಟ್" ಎಂದರು. ಡೋರೀನರ ಕೈ ಹಿಡಿದುಕೊಂಡು ನನ್ನ ಕಡೆ ತಿರುಗಿದರು. "ಬನ್ನಿ ಅಂತ ಹೇಳಿ ಇವರಿಗೆ. ಐದು ಜನ ಹೆಂಗಸರಾದ್ರೂ ಬೇಕು ಆರತಿಗೆ. ಹಿಮಕ್ಕೆ ಹೆಚ್ಚಿನವರು ಬಂದಿಲ್ಲ ಅಂದ್ಲಲ್ಲ ಸುಮಾ." ನಾನು ಹೇಳಿದೆ. ಡೋರೀನ್ ಒಳಗೆ ಹೋಗಿ ಟೋಪಿ ಬದಲಿಸಿಕೊಂಡು ಬಂದರು.

ಲಿಫ್ಟಿನಿಂದ ಹೊರಬಂದರೆ ಪಲ್ಲವಿ ಬಾಗಿಲಲ್ಲೇ ನಿಂತಿದ್ದಳು. ಹಸಿರು ಸೀರೆ, ತಲೆ ತುಂಬ ಹೂವು, ಬರಿಗೈ. ಅವಳು ಅತ್ತೆಯ ಗಂಬೂಟನ್ನು ನೋಡಿದಳು, ಒದ್ದೆಯಾದ ಸೀರೆಯ ಅಂಚನ್ನು ನೋಡಿದಳು, ಪುಡಿ ಮೆತ್ತಿದ ಬೆರಳುಗಳನ್ನು ನೋಡಿದಳು. ಇಷ್ಟು ದಿನ ಆಂಟಿ ಆಂಟಿ ಎನ್ನುತ್ತಿದ್ದವಳ ಬಾಯಿಂದ ಬಂದದ್ದು ಬೇರೆ ಮಾತು.

"ಅವ್ವಾ... ಬಂದಿ ಏನವಾ! ಬರಂಗಿಲ್ಲೇನೋ ಅಂತ ಎದಿ ಹೊಡ್ಕೊಳ್ಳಾಕತ್ತಿತ್ತು ನೋಡು."

"ಬರ್ದೇ ಇರ್ತೀನೇನೇ" ಎಂದು ಅತ್ತೆ ಅವಳ ಕೆನ್ನೆ ಸವರಿದರು. ಕೆನ್ನೆಯ ಮೇಲೆ ರಂಗೋಲಿಯ ಎರಡು ಎಳೆ ಮೂಡಿತು.

ಡಬ್ಬಿಯಲ್ಲಿ ಉಳಿದದ್ದು ಒಂದು ಮುಷ್ಟಿ. ಅಷ್ಟರಲ್ಲೇ ಹೊಸ್ತಿಲ ಮುಂದೆ ಎಂಟೆಸಳಿನ ಕಮಲ ಅರಳಿತು. ಹನ್ನೆರಡಕ್ಕೆ ಮೂರು ನಿಮಿಷ ಇರುವಾಗ ಮೊದಲ ಬಳೆ ಪಲ್ಲವಿಯ ಕೈಗೆ ಏರಿತು. ಸುಮಾ ಫೋನು ಹಿಡಿದಿದ್ದಳು. ಧಾರವಾಡದ ತಾಯಿ ಆ ಕಡೆಯಿಂದ ಕಣ್ಣೊರೆಸಿಕೊಳ್ಳುತ್ತಾ, "ಅಕ್ಕಾರ, ನಿಮ್ಮ ಕೈಯಾಗ ನನ್ನ ಮಗಳ ಕೈ ಐತ್ರಿ. ನನಗ ಇನ್ನೇನು ಬ್ಯಾಡ್ರಿ" ಎಂದರು. ನಾವೆಲ್ಲ ನಗುತ್ತಿದ್ದೆವು, ಎಲ್ಲರ ಕಣ್ಣೂ ಒದ್ದೆ. ಆರತಿಗೆ ಐದನೆಯವರಾಗಿ ಡೋರೀನ್ ನಿಂತರು. ಅವರ ಕೈಗೂ ಎರಡು ಹಸಿರು ಬಳೆ ಏರಿತು, ಊಟದುದ್ದಕ್ಕೂ ಅಲ್ಲಾಡಿಸಿ ಸದ್ದು ಕೇಳುತ್ತಿದ್ದರು.

ಹೋಳಿಗೆ ತಿನ್ನುತ್ತಾ ಡೋರೀನ್ ನನಗೆ ಪಾಠ ಹೇಳಿದರು. ನಾಲ್ಕು ಚಕ್ರ ಎಳೆದರೆ ಹೊರಡುವುದಕ್ಕೆ ಸಹಾಯ, ನಿಲ್ಲಿಸುವುದಕ್ಕಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕೇ. ಬೇಸಿಗೆಯ ಟೈರಿನ ರಬ್ಬರು ಚಳಿಗೆ ಗಟ್ಟಿಯಾಗುತ್ತದೆ. ಅಗಲವಾದದ್ದು ಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಕಚ್ಚುತ್ತದೆ. ಅವರು ಪ್ರತಿ ನವೆಂಬರಿನಲ್ಲಿ ಚಳಿಗಾಲದ ಟೈರು ಹಾಕಿಸುತ್ತಾರಂತೆ. ಇಂಚರ ಕೇಳಿಸಿಕೊಂಡು, ನನ್ನ ಕಡೆ ನೋಡದೆ, ಇನ್ನೊಂದು ಹೋಳಿಗೆ ಹಾಕಿಸಿಕೊಂಡಳು. ನಾವು ಹೊರಡುವ ಹೊತ್ತಿಗೆ ಹಿಮ ಕರಗಿ ಕೊಚ್ಚೆಯಾಗಿತ್ತು. ಏರಿನುದ್ದಕ್ಕೂ ಅತ್ತೆಯ ಮೆಟ್ಟಿಲು ಮಾತ್ರ ಕಪ್ಪು ಫುಟ್‌ಪಾತಿನ ಮೇಲೆ ಬೆಳ್ಳಗೆ ಉಳಿದಿತ್ತು. ಮೇಲಿನಿಂದ ಡೋರೀನ್ ಅದರ ಫೋಟೋ ತೆಗೆಯುತ್ತಿದ್ದರು. ಮನೆಗೆ ಬಂದವನೇ ನಾನು ಡಬ್ಬಿಯನ್ನು ಮತ್ತೆ ತುಂಬಿಸಿ ಡಿಕ್ಕಿಗೆ ಸೇರಿಸಿದೆ.

ಇಷ್ಟನ್ನೂ ಕೇಳಿದ ಕಾಂತಿಭಾಯಿ ಚಹಾದ ಲೋಟ ಕೆಳಗಿಟ್ಟು, ನಮ್ಮ ಟೈರುಗಳಿಗೆ ಒಮ್ಮೆ ಕಾಲಿನಿಂದ ತಟ್ಟಿದ. ಸವೆದಿವೆ, ಬದಲಿಸಬೇಕು ಎಂದ. "ಅದಾದ ಮೇಲೂ ಎರಡು ವರ್ಷ ಇದರಲ್ಲೇ ಓಡಿಸಿದ್ದೀಯಲ್ಲ, ಮತ್ತೆ ಇದೇ ಹಾಕಲೋ?"

"ಬೇಡ. ಚಳಿಗಾಲದ್ದು ಹಾಕು. ಈ ಕಾರಿಗೆ ಹಿಡಿಯುವುದರಲ್ಲಿ ಎಲ್ಲಕ್ಕಿಂತ ಕಿರಿದಾದದ್ದು" ಎಂದೆ. ನಲವತ್ತು ವರ್ಷದ ಆಸೆಯನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟೆನಲ್ಲ ಎಂದು ನನಗೇ ಆಶ್ಚರ್ಯವಾಯಿತು.

ಅವನು ಡಬ್ಬಿಯತ್ತ ಬೆರಳು ತೋರಿಸಿದ. "ಹಾಗಾದರೆ ಇನ್ನು ಇದನ್ನು ತೆಗೆಯಬಹುದು."

"ಅದು ಇರಲಿ."

ಇರಲೇಬೇಕು. ಪಲ್ಲವಿಗೆ ಮತ್ತೆ ಏಳನೆಯ ತಿಂಗಳು ಬರುವುದು ಈ ಜನವರಿಗೆ. ಈ ಸಲ ಅವಳ ತಾಯಿಗೆ ವೀಸಾ ಸಿಕ್ಕಿದೆ. ಇನ್ನು ನೀವು ಬರಬೇಕಾದ್ದಿಲ್ಲ ಎಂದು ನಾನು ಅತ್ತೆಗೆ ಫೋನಿನಲ್ಲಿ ಹೇಳಿದ್ದೆ. ಮಾರನೆಯ ದಿನ ಪಲ್ಲವಿಯೇ ಅವರಿಗೆ ಫೋನು ಮಾಡಿ, "ನಮ್ಮವ್ವ ಬರ್ತಾಳ, ಖರೆ. ನೀ ಬರಂಗಿಲ್ಲಂದ್ರ ಬಳಿ ಯಾರವಾ ಇಡಸೋರು?" ಎಂದು ಜಗಳವಾಡಿದಳಂತೆ. ಅತ್ತೆಯ ಟಿಕೆಟ್ಟು ಬುಕ್ಕಾಗಿದೆ. ಇಬ್ಬರು ತಾಯಂದಿರೂ ಒಂದೇ ವಿಮಾನಕ್ಕೆ ಬರುತ್ತಾರೆ. ಧಾರವಾಡದವರಿಗೆ ಮಂಡಿನೋವಂತೆ, ಕಾರು ಹತ್ತಲು ಒಂದೇ ಮಣೆ ಸಾಲದು.

ಕಾಂತಿಭಾಯಿ ಡಿಕ್ಕಿ ಮುಚ್ಚಲು ಕೈ ಎತ್ತಿದ. ನಾನು ತಡೆದು, ಗೇಣಿನಲ್ಲಿ ಅಳತೆ ಹಾಕಿದೆ. ಇಷ್ಟು ದೊಡ್ಡ ಕಾರು ತಗೊಂಡದ್ದು ದಂಡವಾಗಲಿಲ್ಲ: ಇನ್ನೊಂದು ಮಣೆಗೆ ಜಾಗವಿದೆ.